ತಂಗಿಯ ಮೂಗು ತಿದ್ದಿಸಿದವನು ನಾನೇ

ನನ್ನ ತಂಗಿಯ ಮೂಗಿಗೆ ಏನೂ ಆಗಿಲ್ಲ. ಇದನ್ನು ನಾನು ಅವಳಿಗೆ ವರ್ಷಗಟ್ಟಲೆ ಹೇಳಿದೆ, ಅವಳು ನಂಬಲಿಲ್ಲ. ಕನ್ನಡಿ ಮುಂದೆ ನಿಂತಳೆಂದರೆ ಒಲೆಯ ಮೇಲೆ ಅನ್ನ ಸೀದ ವಾಸನೆ ಬಂದರೂ ಕದಲುತ್ತಿರಲಿಲ್ಲ. ಬಸ್ಸಿನಲ್ಲಿ ಯಾರೋ ನಕ್ಕರೆ ತನ್ನ ಮೂಗು ನೋಡಿಯೇ ನಕ್ಕರು ಎನ್ನುತ್ತಿದ್ದಳು. ಭೀಮರಾಯನಗುಡಿಗೆ ಕಾಲೇಜಿಗೆ ಹೋಗುತ್ತಿದ್ದವಳು ಅದನ್ನು ಬಿಟ್ಟಳು. ಆಮೇಲೆ ಗೋಗಿಯ ನಮ್ಮ ಮನೆಯ ಹೊಸ್ತಿಲು ದಾಟುವುದನ್ನೂ ಬಿಟ್ಟಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಹಾಪುರದಲ್ಲಿ ಆಟೋ ಓಡಿಸುತ್ತೇನೆ. ಮೈಕು ಕಟ್ಟಿಕೊಂಡು ಬಟ್ಟೆ ಅಂಗಡಿ, ಸಭೆ, ಲಸಿಕೆ, ಯಾವುದಿದ್ದರೂ ಕೂಗುತ್ತೇನೆ. ಆ ಹೊತ್ತಿಗೆ ತಂಗಿಗೆ ಒಂದು ಸಂಬಂಧ ಬಂತು, ಹುಡುಗನ ಮನೆಯವರು ಫೋಟೋ ಕೇಳಿದರು. ಅವಳ ಹಳೆಯ ಫೋಟೋವೊಂದನ್ನು ಸ್ಟುಡಿಯೋಕ್ಕೆ ಒಯ್ದೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಬಣ್ಣ ತಿಳಿ ಮಾಡಿ, ಇನ್ನೇನಾದರೂ ಬೇಕೇ ಎಂದ. ಮೂಗು ಸ್ವಲ್ಪ ಸಣ್ಣ ಮಾಡು ಎಂದೆ. ಅವಳಿಗೆ ಖುಷಿಯಾದೀತು ಎಂದುಕೊಂಡಿದ್ದೆ.

ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ನಿನಗೂ ಕಾಣ್ತಿತ್ತು. ಇಷ್ಟ ದಿನ ಸುಳ್ಳ ಹೇಳಿದಿ, ಅಣ್ಣ."

ಅಂದಿನಿಂದ ನನ್ನೆದುರಿಗೂ ವೇಲಿನಲ್ಲಿ ಮುಖ ಮುಚ್ಚಿಕೊಳ್ಳತೊಡಗಿದಳು.

ಇದು ರೂಪದ ಗೀಳು ಎಂಬ ಕಾಯಿಲೆ, ಇದಕ್ಕೆ ಔಷಧವಿದೆ, ಕೂತು ಮಾತಾಡಿಸುವ ಚಿಕಿತ್ಸೆಯಿದೆ ಎಂದು ನನಗೆ ತಿಳಿದದ್ದು ಈ ವರ್ಷ. ಯಾದಗಿರಿಯ ಡಾಕ್ಟರಮ್ಮ ಒಬ್ಬರು ಊರೂರಿಗೆ ಇದನ್ನು ತಿಳಿಸಲು ನನ್ನ ಆಟೋ ಗೊತ್ತು ಮಾಡಿದರು. ಜೊತೆಗೆ ಬಂದ ಪ್ರಚಾರದ ಸಾಹೇಬರು ಕೂಗುವ ಮಾತನ್ನು ಬರೆದೇ ತಂದಿದ್ದರು: ನೀವೆಲ್ಲರೂ ಸುಂದರವಾಗಿದ್ದೀರಿ. ಬ್ಯಾನರಿನಲ್ಲಿ ಬೆಳ್ಳಗಿನ ಹುಡುಗಿಯೊಬ್ಬಳ ನಗುಮುಖ. ಇದನ್ನು ಕೂಗುವುದಿಲ್ಲ ಎಂದೆ. ನಿನ್ನ ಕೆಲಸ ಕೂಗುವುದಷ್ಟೇ ಎಂದು ಸಾಹೇಬರು ನಕ್ಕರು.

"ಚಂದ ಅದಿ ಅಂತ ತಂಗಿಗಿ ಹೇಳಿ ಹೇಳಿ ಸಾಕಾಗೇದ್ರಿ. ಹೇಳಿದಷ್ಟೂ ಮತ್ತ ಕೇಳ್ತಾಳ. ಈ ಬ್ಯಾನರ ನಮ್ಮ ಓಣ್ಯಾಗ ಬಂದ್ರ ಇದ್ದ ಕಿಡಕೀನೂ ಮುಚ್ಚತಾಳ."

ಹಾಗಾದರೆ ಏನು ಹೇಳಬೇಕು ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ಮನೆಗೆ ಹೋಗಿ, ಒಳಕೋಣೆಯ ಬಾಗಿಲ ಹೊರಗೆ ಕೂತು ತಂಗಿಯನ್ನು ಕೇಳಿದೆ.

"ನನ್ನ ಮೂಗಿನ ಸುದ್ದಿ ಬ್ಯಾಡ, ಹೆಸರೂ ಬ್ಯಾಡ," ಎಂದಳು. "ನೀ ಏನ ಮಾಡಿದಿ, ಅದನ್ನ ಹೇಳು. ನಿನ್ನಂಥವರು ಭಾಳ ಮಂದಿ ಅದಾರ."

ಬ್ಯಾನರಿನಿಂದ ಆ ಮುಖ ತೆಗೆಸಿ ಬರೀ ಅಕ್ಷರ ಹಾಕಿಸಿದೆವು: ಇಲ್ಲದ ಕುಂದಿಗೆ ಯಾರಾದರೂ ಮುಖ ಮುಚ್ಚಿಕೊಂಡು ಕೂತರೆ ಬೈಯಬೇಡಿ, ಹೊಗಳಿ ಸುಮ್ಮನಾಗಿಸಬೇಡಿ, ಫೋಟೋ ತಿದ್ದಿಸಬೇಡಿ, ಡಾಕ್ಟರಿಗೆ ತೋರಿಸಿ. ಅದರ ಬೆನ್ನಿಗೇ ಮೈಕಿನಲ್ಲಿ ನನ್ನ ಮಾತು: ನಾನು ತಿದ್ದಿಸಿದವನು. ಸುರಪುರದ ಸಂತೆಯಲ್ಲಿ ಜನ ನಕ್ಕರು. ಗೋಗಿಯಲ್ಲಿ ನಮ್ಮ ಕಾಕಾ ಆಟೋಕ್ಕೆ ಅಡ್ಡ ನಿಂತ.

"ಮನಿ ಮರ್ಯಾದಿ ಮೈಕಿನ್ಯಾಗ ಹರಾಜ ಹಾಕ್ತಿಯೇನಲೇ? ಇನ್ನ ಆಕಿನ್ನ ಯಾರ ಮಾಡ್ಕೋತಾರ?"

"ತಪ್ಪು ನಂದು ಕಾಕಾ, ಆಕಿದಲ್ಲ. ಬಾಜೂಕ ಸರಿ."

ಅವನು ಸರಿಯಲಿಲ್ಲ. ನಾನು ಎಂಜಿನ್ ಆರಿಸಿ, ದನಿ ಏರಿಸಿ, ಮತ್ತೆ ಮೊದಲಿನಿಂದ ಹೇಳಿದೆ. ಇನ್ನೂ ಹೇಳುತ್ತೇನೆ.

ಮುಂದಿನ ವಾರ ತಂಗಿ ಡಾಕ್ಟರಮ್ಮನ ಬಳಿಗೆ ಹೊರಟಳು, ಮುಖ ಮುಚ್ಚಿಕೊಂಡೇ. ಮೂಗಿನ ವಿಷಯದಲ್ಲಿ ಅವಳು ಈಗಲೂ ನನ್ನನ್ನು ನಂಬುವುದಿಲ್ಲ. ಕ್ಷಮಿಸಿದೆಯಾ ಎಂದು ಕೇಳಲು ನನಗೆ ಮುಖವಿಲ್ಲ. ಜನರ ಕಣ್ಣು ತಪ್ಪಿಸಲು ಊರ ಹಿಂದಿನ ದಾರಿಗೆ ಆಟೋ ತಿರುಗಿಸಿದೆ.

"ಕಾಕಾನ ಮನಿ ಮುಂದಿಂದ ಹೋಗು," ಎಂದಳು.