ಖಾಲಿ ತಾಟಿನ ಶಿಕ್ಷೆ

ಕಳೆದ ತಿಂಗಳು ನವಲಿಯ ಕಡೆ ಹೋಗಿದ್ದೆ. ದಾರಿಯ ಶಾಲೆಯೊಂದರಲ್ಲಿ ಗ್ಯಾಸ್ ಮುಗಿದಿದೆಯೆಂದು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಳೆ ಬೇಯಲು ಇಟ್ಟಿದ್ದರು. ಅದು ಉಕ್ಕಿ ಕೆಂಡದ ಮೇಲೆ ಚೊರ್ರೆಂದು ಬಿತ್ತು. ಸುಟ್ಟ ಬೇಳೆ, ಹೊಗೆ, ಹಸಿ ಕಟ್ಟಿಗೆ... ಆ ವಾಸನೆಗೆ ಯಲಬುರ್ಗಾ ತಾಲ್ಲೂಕಿನ ನನ್ನ ಮೊದಲ ಶಾಲೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ನಮ್ಮ ಅಡುಗೆಯಕ್ಕ ಬಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.

ಆಗ ಶಾಲೆಗಳಲ್ಲಿ ಬಿಸಿಯೂಟ ಹೊಸದಾಗಿ ಶುರುವಾಗಿತ್ತು. ಅಡುಗೆಗೆ ಬಂದ ಆಕೆಗೆ ನಲವತ್ತರ ಆಸುಪಾಸು. ಹೊಲದ ಬದುವಿನ ಹೊಡೆದಾಟವೊಂದರ ಕೇಸಿನಲ್ಲಿ ಗಂಡನ ಜೊತೆ ಆಕೆಯ ಹೆಸರನ್ನೂ ಸೇರಿಸಿದ್ದರಂತೆ. ಒಂದೂವರೆ ವರ್ಷ ದೂರದ ಜೈಲಿನಲ್ಲಿದ್ದು, ಖುಲಾಸೆಯಾಗಿ ಬಂದಿದ್ದಳು. ಊರಿಗೆಲ್ಲ ಗೊತ್ತಿದ್ದ ವಿಷಯ. ಆಕೆ ಅದನ್ನು ಮುಚ್ಚಿಟ್ಟಿರಲಿಲ್ಲ, ಹೇಳಿಕೊಂಡು ತಿರುಗಿಯೂ ಇರಲಿಲ್ಲ.

ನನಗೆ ಇಪ್ಪತ್ನಾಲ್ಕು. ಶಿಸ್ತಿನ ಮಾಸ್ತರ ಎನ್ನಿಸಿಕೊಳ್ಳುವ ಹುಕಿ. ನಮ್ಮ ಮನೆಯಲ್ಲಿ ಅಂಕ ಕಡಿಮೆ ಬಂದರೆ ಅಪ್ಪ ಅಂದಿನ ಊಟ ಬಂದ್ ಮಾಡುತ್ತಿದ್ದ. ಅವ್ವ ತುಟಿ ಎರಡು ಮಾಡುತ್ತಿರಲಿಲ್ಲ. ಅದು ಕ್ರೌರ್ಯ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ಉಣ್ಣುವ ಹಕ್ಕನ್ನು ಗಳಿಸಿಕೊಳ್ಳಬೇಕು ಎಂದೇ ನಂಬಿದ್ದೆ. ಅದನ್ನೇ ಶಾಲೆಗೂ ತಂದೆ. ಮಗ್ಗಿ ಬಾರದವರು, ಉಳಿದವರೆಲ್ಲ ಉಂಡು ಏಳುವ ತನಕ ಖಾಲಿ ತಾಟು ಹಿಡಿದು ಗೋಡೆಗೆ ನಿಲ್ಲಬೇಕು.

ಮೊದಲ ದಿನ ಸಿಕ್ಕವಳು ನಾಲ್ಕನೇ ತರಗತಿಯ ಒಬ್ಬ ಹುಡುಗಿ. ಏಳಾರಲೆ ಎಷ್ಟೆಂದರೆ ತಡವರಿಸಿದಳು. ನಿಲ್ಲಿಸಿದೆ. ಬೋಗುಣಿ ಹೊತ್ತು ಬಂದ ಅಡುಗೆಯಕ್ಕ ಅವಳನ್ನು ನೋಡಿದಳು.

"ಆ ಕೂಸು ಯಾಕ ನಿಂತೈತ್ರಿ ಮಾಸ್ತರ?"

ಹೇಳಿದೆ. ಆಕೆ ಸೌಟನ್ನು ಬೋಗುಣಿಯೊಳಗೆ ಬಿಟ್ಟು ಅಲ್ಲೇ ನೆಲಕ್ಕೆ ಕುಳಿತುಬಿಟ್ಟಳು. "ಅಕಿ ಉಣ್ಣಾಕ ಕುಂದ್ರೂತನಾ ನಾ ಯಾರಿಗೂ ನೀಡೂದಿಲ್ರಿ."

ಅರವತ್ತು ಮಕ್ಕಳು ತಾಟು ಮುಂದಿಟ್ಟುಕೊಂಡು ಕಾಯುತ್ತ ಕುಳಿತಿದ್ದರು. ಹೆಡ್‌ಮಾಸ್ತರು ಓಡಿ ಬಂದರು. "ಏನಬೇ, ಕೆಲಸ ಬ್ಯಾಡಾಗೈತೇನು ನಿನಗ?"

"ಕೆಲಸ ಬೇಕ್ರಿ. ಇಂಥಾ ಕೆಲಸ ಬ್ಯಾಡ್ರಿ."

ಕೊನೆಗೆ ಹೆಡ್‌ಮಾಸ್ತರೇ ಹುಡುಗಿಗೆ ಕುಳಿತುಕೊಳ್ಳಲು ಸನ್ನೆ ಮಾಡಿದರು. ನನ್ನ ಮೈ ಉರಿದುಹೋಯಿತು. ಅಂದು ಸಂಜೆಯೇ ಆಕೆಯ ಮೇಲೆ ದೂರು ಬರೆದೆ. ಜೈಲಿನ ಸಂಗತಿಯನ್ನೂ ಬಿಡದೆ ಬರೆದೆ. ಶನಿವಾರ ಪಾಲಕರ ಸಭೆಯಲ್ಲಿ ಅದನ್ನು ಓದುವುದೆಂದಾಯಿತು. ಆಕೆಗೆ ಮೊದಲೇ ತಿಳಿಸಿ ಬಾ ಎಂದು ಹೆಡ್‌ಮಾಸ್ತರು ನನ್ನನ್ನೇ ಕಳಿಸಿದರು.

ಹೋದೆ. ಆಕೆ ಚಾಪೆ ಹಾಸಿ, ಜೋಳದ ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಉಣ್ಣಲು ಬಂದಿಲ್ಲ ಎಂದೆ. "ಗೊತ್ತೈತ್ರಿ. ಉಂಡು ಹೇಳ್ರಿ," ಎಂದಳು. ನಾನು ರೊಟ್ಟಿ ಮುರಿದೆ. ಆಕೆ ಒಲೆಯ ಕಡೆ ಮುಖ ಮಾಡಿಕೊಂಡು ಮಾತಾಡಿದಳು.

"ಅಲ್ಲೆ ಜೈಲಿನ್ಯಾಗ ಎದುರು ಮಾತಾಡಿದ್ರ ಹೊಡೀತಿದ್ದಿಲ್ರಿ. ಖಾಲಿ ತಾಟು ಕೊಟ್ಟು ಉಣ್ಣಾವರ ನಡುವ ಕುಂದ್ರಸ್ತಿದ್ರು. ಎಲ್ಲಾರದೂ ಆದಮ್ಯಾಲೆ ಹಳಸಿದ್ದು ಏನಾರ ನೀಡ್ತಿದ್ರು. ಹಸಿವು ಮರ್ತೀನ್ರಿ ಮಾಸ್ತರ. ಆ ಖಾಲಿ ತಾಟು ಮರ್ತಿಲ್ಲ. ನಾಲ್ಕು ದಿನ ಹಂಗ ಕುಂತ ಮ್ಯಾಲೆ, ನಾನs ಏನೋ ತಪ್ಪ ಮಾಡೀನಿ ಅಂತ ನನಗs ಅನ್ನಸಾಕ ಹತ್ತಿತ್ರಿ."

ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟೆ. ದೂರಿನ ವಿಷಯ ಹೇಳಿದೆ. ಆಕೆ ಬೇಸರಿಸಲಿಲ್ಲ. "ಓದ್ರಿ. ನಿಮ್ಮ ಕೆಲಸ ನೀವು ಮಾಡ್ರಿ, ನಂದು ನಾ ಮಾಡತೀನಿ."

ಶನಿವಾರ ಸಭೆಯಲ್ಲಿ ನನ್ನನ್ನು ಎಬ್ಬಿಸಿದರು. ಕಾಗದ ಓದಲಿಲ್ಲ. ತಪ್ಪು ನನ್ನದು, ಆಕೆ ಮಾಡಿದ್ದೇ ಸರಿ ಎಂದೆ. ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನಿಂದ ಒಬ್ಬಾತ ಕೂಗಿದ: "ಜೈಲಿಗೆ ಹೋಗಿ ಬಂದಾಕಿ ಕೈಯಾಗ ನಮ್ಮ ಮಕ್ಕಳು ಉಣಬೇಕೇನ್ರಿ?"

ಅಡುಗೆಯಕ್ಕ ಎದ್ದು ನಿಂತಳು. "ಹೌದ್ರಿ, ಹೋಗಿ ಬಂದೀನಿ. ಅನ್ನ ಸಜಾ ಆದ್ರ ಹೆಂಗ ಇರತೈತಿ ಅಂತ ನೋಡಿ ಬಂದೀನಿ. ಈ ಸಾಲ್ಯಾಗ ಅದು ಆಗಬಾರದು, ಅಷ್ಟs ನನ್ನ ಮಾತು."

ಆಮೇಲೆ ಆ ಹುಡುಗಿಯ ಅಜ್ಜಿ ಕುಳಿತಲ್ಲಿಂದಲೇ ಹೇಳಿದಳು: "ನಮ್ಮ ಹುಡುಗಿ ಇಕಿ ಕೈಯಾಗs ಉಣತೈತಿ. ಬ್ಯಾಡಾದವ್ರು ಮನ್ಯಾಗ ಬುತ್ತಿ ಕಟ್ಟಿ ಕಳಸ್ರಿ." ಸಭೆ ನಕ್ಕಿತು. ನಕ್ಕಮೇಲೆ ಇನ್ನೇನು ಉಳಿಯುತ್ತದೆ?

ಸೋಮವಾರ ಅಡುಗೆಕೋಣೆಯ ಬಾಗಿಲ ಮೇಲೆ ಹೆಡ್‌ಮಾಸ್ತರೇ ಸೀಮೆಸುಣ್ಣದಲ್ಲಿ ಬರೆದಿದ್ದರು: "ಊಟ ತಪ್ಪಿಸುವ ಶಿಕ್ಷೆ ಇಲ್ಲ." ಕೂಗಾಡಿದವನ ಮಕ್ಕಳಿಬ್ಬರೂ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾನೂ ಒಂದು ತಾಟು ತಂದು ಮಕ್ಕಳ ಪಂಕ್ತಿಯ ತುದಿಗೆ ಕುಳಿತೆ. ಅಡುಗೆಯಕ್ಕ ತಲೆ ಎತ್ತಿಕೊಂಡು ಬಂದು ನನ್ನೆದುರು ನಿಂತಳು. ಸೌಟನ್ನು ಮೇಲೆತ್ತಿ ಹಿಡಿದಿದ್ದಳು, ನೀಡಲಿಲ್ಲ.

"ಏಳಾರಲೆ ಎಷ್ಟ್ರಿ ಮಾಸ್ತರ?"

"ನಲವತ್ತೆರಡು," ಎಂದೆ.

"ಖರೇನಬೇ?" ಎಂದು ಆಕೆ ಆ ಹುಡುಗಿಯನ್ನು ಕೇಳಿದಳು. ಹುಡುಗಿ ಗಂಭೀರವಾಗಿ ತಲೆಯಾಡಿಸಿದಳು. ಇಡೀ ಪಡಸಾಲೆ ಹೋ ಎಂದು ನಕ್ಕಿತು, ನನ್ನ ತಾಟು ತುಂಬಿತು. ಅಷ್ಟು ರುಚಿಯಾಗಿ ನಾನು ಅದಕ್ಕೂ ಮೊದಲು ಎಂದೂ ಉಂಡಿರಲಿಲ್ಲ.

ಆಮೇಲೆ ನನಗೆ ಕುಷ್ಟಗಿಗೆ, ಅಲ್ಲಿಂದ ಗಂಗಾವತಿಗೆ ವರ್ಗವಾಯಿತು. ಹೋದಲ್ಲೆಲ್ಲ ಮಕ್ಕಳ ಜೊತೆ ಪಂಕ್ತಿಯಲ್ಲೇ ಉಂಡೆ. ನನ್ನ ಮಗ ಗಣಿತದಲ್ಲಿ ಫೇಲಾಗಿ ಬಂದ ದಿನವೂ ಅವನ ತಾಟು ಬರಿದಾಗಿರಲಿಲ್ಲ. ಇದನ್ನೆಲ್ಲ ಆಕೆಗೆ ಹೋಗಿ ಹೇಳಬೇಕು, ಹೇಳಬೇಕು ಎನ್ನುತ್ತಲೇ ವರ್ಷಗಳು ಕಳೆದವು...

ನವಲಿಯಿಂದ ಬಂದ ಮರುದಿನ ಆ ಊರಿಗೆ ಹೋದೆ. ಆಕೆ ತೀರಿಕೊಂಡು ಆರು ತಿಂಗಳಾಗಿತ್ತು. ಗಂಟಲ ಬೇನೆ, ಕಡೆಯ ವಾರ ನೀರೂ ಇಳಿಯುತ್ತಿರಲಿಲ್ಲವಂತೆ. ಆದರೂ ದಿನವೂ ದೊಡ್ಡ ಬೋಗುಣಿಯಲ್ಲಿ ಅಡುಗೆ ಮಾಡಿಸಿ, ನೋಡಲು ಬಂದವರನ್ನೆಲ್ಲ ಕೂರಿಸಿ ಉಣ್ಣಿಸಿದಳಂತೆ. "ಅವರು ಉಣ್ಣೂದು ನೋಡಕೋಂತ ಮಲಗಿರ್ತಿದ್ರು ನಮ್ಮತ್ತಿ," ಎಂದಳು ಸೊಸೆ. "ನೀವು ಕಲಿಸಿದ ಹುಡುಗ್ರು ಎಲ್ಲಾರೂ ಬಂದು ಉಂಡು ಹೋದ್ರು ನೋಡ್ರಿ."

ಆ ಪಂಕ್ತಿಯಲ್ಲಿ ನಾನೊಬ್ಬ ಇರಲಿಲ್ಲ.