ತುಂಬಿಯೇ ಉಳಿದ ಹರವಿ

ಕೋವಿಡ್ ಲಾಕ್‌ಡೌನ್‌ಗಳು ಮುಗಿದ ಮೇಲಿನ ಎರಡನೆಯ ಬೇಸಿಗೆ ಇರಬೇಕು, ಮೂರನೆಯದೂ ಆಗಿರಬಹುದು. ಆಗ ನಾನು ವಿಜಯಪುರದಿಂದ ಟಿಕೋಟಾಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಒಣದ್ರಾಕ್ಷಿ ಘಟಕದಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರಿಂದ ಅಂಕಿಗಳಿಲ್ಲದ ಯಾವ ಮಾತನ್ನೂ ನಂಬುತ್ತಿರಲಿಲ್ಲ. ಈಗ ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ.

ಅಲ್ಲಿ ಮೂವತ್ನಾಲ್ಕು ಹೆಣ್ಣುಮಕ್ಕಳು ಉದ್ದನೆಯ ಮೇಜಿನ ಎರಡೂ ಬದಿ ಕುಳಿತು ಒಣದ್ರಾಕ್ಷಿ ಹಸನು ಮಾಡುತ್ತಿದ್ದರು. ಕಡ್ಡಿ, ಕಪ್ಪು ಹಣ್ಣು, ಜಜ್ಜಿ ರಸ ಒಸರಿ ಅಂಟಾದ ಹಣ್ಣು ಆರಿಸಿ ಪಕ್ಕದ ಕಸದ ಟ್ರೇಗೆ ಹಾಕುವುದು ಅವರ ಕೆಲಸ. ಆ ವರ್ಷ ಮಾಲೀಕರು ಕಲರ್ ಸಾರ್ಟರ್ ತರಿಸಲು ಹೊರಟಿದ್ದರು. ಕ್ಯಾಮೆರಾದಿಂದ ಬಣ್ಣ ಗುರುತಿಸಿ, ಕೆಟ್ಟ ಹಣ್ಣನ್ನು ಗಾಳಿಯಿಂದ ಹಾರಿಸುವ ಯಂತ್ರ ಅದು. ಒಂದು ದಿನ ಇಬ್ಬರು ಬಂದು ಟೇಪ್ ಹಿಡಿದು ಶೆಡ್ಡಿನ ನೆಲ ಅಳೆದು ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಯಂತ್ರ ಬರುವ ಮುನ್ನ ಕೆಲಸಗಾರರ ಮನಸ್ಸು ಹೇಗಿದೆ ನೋಡಿ ಎಂದು ಮಾಲೀಕರು ನನಗೆ ಒಪ್ಪಿಸಿದರು. ಇಪ್ಪತ್ತು ಪ್ರಶ್ನೆಗಳ ಪ್ರಶ್ನಾವಳಿ ಮಾಡಿದೆ. ಕೆಲಸ ಎಷ್ಟು ತೃಪ್ತಿ ಕೊಡುತ್ತದೆ, ಒಂದರಿಂದ ಐದರೊಳಗೆ ಹೇಳಿ, ಹೀಗೆ. ಓದು ಬಾರದವರಿಗೆ ನಾನೇ ಓದಿ ಹೇಳಿದೆ. ಪ್ರತಿ ಹಾಳೆಯ ಮೇಲೂ ಹೆಸರು ಬರೆದುಕೊಂಡೆ. ಮೂವತ್ನಾಲ್ವರೂ ಎಲ್ಲಕ್ಕೂ ಐದು ಎಂದರು. ಹಾಜರಿಯೂ ಪೂರ್ತಿ. ಕಸದ ಟ್ರೇಗಳು ಮಧ್ಯಾಹ್ನಕ್ಕೆ ಮೊದಲೇ ತುಂಬುತ್ತಿದ್ದವು. ಸಂಶಯವನ್ನೇ ಕಲಿತು ಬಂದವನು ಆಗ ಸಂಶಯಪಡಲಿಲ್ಲ. ‘ಮೋಟಿವೇಶನ್ ಉತ್ತಮ’ ಎಂದು ವರದಿ ಕೊಟ್ಟೆ.

“ಭೇಷ್ ಆತ ಬಿಡ್ರಿ. ಮಂದಿ ಖುಷಿ ಅದಾರ, ಮತ್ತೇನ ಬೇಕು?” ಎಂದರು ಮಾಲೀಕರು.

ಒಂದು ವಾರದೊಳಗೆ ರಜಿಯಾ ಬೇಗಂ ಕುಳಿತಲ್ಲೇ ಕುಸಿದುಬಿದ್ದರು. ಬಬಲೇಶ್ವರದಿಂದ ಟಂಟಂ ಆಟೋದಲ್ಲಿ ಬಂದುಹೋಗುತ್ತಿದ್ದ ಅವರು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡಿದವರು. ಅಂಟುಹಣ್ಣನ್ನು ಕಣ್ಣಿಂದ ನೋಡದೆ ಬೆರಳಿಂದಲೇ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ಘೋಣಸಗಿಯ ಶಾಂತವ್ವನನ್ನೂ ಕರೆದುಕೊಂಡು ಟಿಕೋಟಾದ ದವಾಖಾನೆಗೆ ಹೋದೆವು. ಸಲೈನ್ ಹಚ್ಚಿದ ಡಾಕ್ಟರು ಕೇಳಿದರು: “ಮುಂಜಾನಿಂದ ಎಷ್ಟ ನೀರ ಕುಡದೀರಿ ಯವ್ವಾ?”

ರಜಿಯಾ ಕಣ್ಣು ಮುಚ್ಚಿಕೊಂಡರು. ಶಾಂತವ್ವ ಹೇಳಿದಳು: “ಮನ್ಯಾಗ ಕುಡದದ್ದ ಅಷ್ಟರಿ. ಇಲ್ಲಿ ನೀರ ಕುಡದ್ರ ಎದ್ದ ಹೋಗಬೇಕಾಕ್ಕೈತಿ. ಎದ್ದ ಹೋದವರ ಹೆಸರ ಮೊದಲ ಹೊಡೀತಾರಂತ.”

“ಯಾರ ಹೇಳಿದ್ರು?” ಎಂದೆ.

“ಯಾರ ಹೇಳಬೇಕ್ರಿ? ನಾವ ಕುಂಡ್ರು ಜಾಗಾನ ಮಷಿನ್ ಇಡಾಕ ಟೇಪ್ ಹಿಡದ ಅಳಕೊಂಡ ಹ್ವಾದ್ರಲ್ಲ.”

ನನ್ನ ಪ್ರಶ್ನಾವಳಿ ನೆನಪಾಯಿತು. ಎಲ್ಲಕ್ಕೂ ಐದು ಅಂದಿದ್ದಿರಲ್ಲ ಎಂದೆ. ರಜಿಯಾ ಕಣ್ಣು ತೆರೆದು ನಕ್ಕರು.

“ಇಷ್ಟ ಓದೀರಿ ಸರ್ರ! ಬ್ಯಾಸರ ಅಂದವರ್ನ ಮೊದಲ ಮನಿಗಿ ಕಳಸ್ತಾರ ಅನ್ನೂದು ನಮಗ ತಿಳಿಯೂದಿಲ್ಲೇನ್ರಿ?”

“ಇಕಿ ಆರ ಅನ್ನಾಕ ಹೊಂಟಿದ್ಲರಿ,” ಎಂದಳು ಶಾಂತವ್ವ. “ಐದರ ಮ್ಯಾಲ ಇಲ್ಲ ಬೇ ಅಂತ ನಾನ ತಡದೆ.”

ಆಮೇಲೆ ರಜಿಯಾ ದನಿ ಇಳಿಸಿದರು. “ಕಸದ ಟ್ರೇದಾಗ ಚಲೋ ಹಣ್ಣೂ ಹಾಕಾಕತ್ತೇವ್ರಿ, ಎಲ್ಲಾರೂ. ಟ್ರೇ ತುಂಬಿದ್ರ ಈ ಕೈ ಇನ್ನ ಬೇಕು ಅಂತ ಕಂಡೀತು ಅಂತ. ಸಾವ್ಕಾರ್ರ ಮುಂದ ನನ್ನ ಹೆಸರ ಹೇಳಬ್ಯಾಡ್ರಿ. ಈ ಕೆಲಸ ಹೋದ್ರ ನನಗ ಬ್ಯಾರೆ ಬರೂದಿಲ್ಲ.”

ಘಟಕಕ್ಕೆ ಮರಳಿ ಟ್ರೇಗಳಲ್ಲಿ ಕೈಯಾಡಿಸಿದೆ. ಕಪ್ಪು ಹಣ್ಣುಗಳ ನಡುವೆ ಬಂಗಾರದ ಬಣ್ಣದವು, ಒಂದೂ ಕುಂದಿಲ್ಲದವು. ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಬಾಯಿತನಕ ತುಂಬಿತ್ತು. ಅದರ ಮೇಲೆ ಬೋರಲು ಹಾಕಿದ ಲೋಟ ಪೂರ್ತಿ ಒಣಗಿತ್ತು. ಎಷ್ಟು ದಿನದಿಂದ ಹಾಗಿತ್ತೋ, ದಿನವೂ ಅದರ ಪಕ್ಕದಲ್ಲೇ ಓಡಾಡಿದ್ದ ನನಗೆ ಗೊತ್ತಿರಲಿಲ್ಲ.

ನನ್ನ ವರದಿ ತಪ್ಪು ಎಂದು ಮಾಲೀಕರಿಗೆ ಹೇಳಿದೆ. ಟ್ರೇಗಳ ವಿಷಯವನ್ನೂ, ಯಾರ ಹೆಸರೂ ಎತ್ತದೆ, ಹೇಳಿದೆ. ಅವರು ಕೆಂಡವಾದರು. “ಅನ್ನ ಹಾಕಿದ ಮನಿಗಿ ಹಿಂಗ ಮಾಡ್ತಾರ? ಯಾರಂತ ಹೇಳ್ರಿ!”

“ತಪ್ಪ ಅವರದಲ್ಲರಿ. ಮಷಿನ್ ಬಂದ್ರ ಏನಾಕ್ಕೈತಿ ಅಂತ ನೀವು ಹೇಳಲಿಲ್ಲ. ನಾ ಹೆಸರ ಬರಕೊಂಡು ಖುಷಿ ಅದೀರೇನು ಅಂತ ಕೇಳ್ದೆ. ಹೆದ್ರಿದವರು ಮತ್ತೇನ ಮಾಡ್ಬೇಕು?”

ಇಷ್ಟು ಸ್ಪಷ್ಟವಾಗಿ ಹೇಳಿದೆನೆಂದು ನನ್ನ ನೆನಪು, ತೊದಲಿದ್ದರೂ ಇರಬಹುದು. ಮಾಲೀಕರು ಎದ್ದು ಶೆಡ್ಡಿಗೆ ಹೋಗಿ ಒಂದು ಟ್ರೇಯಲ್ಲಿ ತಾವೇ ಕೈಯಾಡಿಸಿದರು.

ಮರುದಿನ ಮುಂಜಾನೆ ಅವರೇ ಮೇಜಿನ ತುದಿಗೆ ಬಂದು ನಿಂತರು. ಮುಂದಿನ ತಿಂಗಳು ಯಂತ್ರ ಬರುತ್ತದೆ. ಅದು ಬಣ್ಣ ಕಾಣುತ್ತದೆ, ಅಂಟು ಕಾಣುವುದಿಲ್ಲ. ಅದರ ಹಿಂದೆ ಇಪ್ಪತ್ತು ಜನ ಮೇಜಿಗೇ ಬೇಕು, ಉಳಿದವರು ಪ್ಯಾಕಿಂಗಿಗೆ. ಈ ಹಂಗಾಮಿನಲ್ಲಿ ಯಾರನ್ನೂ ತೆಗೆಯುವುದಿಲ್ಲ ಎಂದರು. “ಮುಂದಿನ ಹಂಗಾಮಿಂದು ನನಗೂ ಗೊತ್ತಿಲ್ಲ. ಗೊತ್ತಾದ ದಿನ ಇಲ್ಲೇ ಬಂದ ಹೇಳ್ತೀನಿ.”

ಎರಡು ದಿನ ವಿಶ್ರಾಂತಿ ಪಡೆಯಿರಿ ಎಂದು ಡಾಕ್ಟರು ಹೇಳಿದರೂ ಕೇಳದೆ ಬಂದಿದ್ದ ರಜಿಯಾ ಎದ್ದು ನಿಂತರು. “ಟ್ರೇದಾಗ ಚಲೋ ಹಣ್ಣ ಹಾಕಿದ್ದಕ್ಕ ಏನ್ ಮಾಡ್ತೀರ್ರಿ?”

ಮಾಲೀಕರು ನನ್ನತ್ತ ನೋಡಿ, ನಂತರ ಟ್ರೇಗಳತ್ತ ನೋಡಿದರು. “ಅವನ್ನೆಲ್ಲ ಮತ್ತ ಹಸನ ಮಾಡ್ರಿ. ಇನ್ಮ್ಯಾಲ ಹಿಂಗ ಮಾಡಬ್ಯಾಡ್ರಿ.”

“ನೋಡ ಬೇ ರಜಿಯಾ,” ಎಂದಳು ಶಾಂತವ್ವ, “ಇನ್ನ ನಾಕ ದಿನದ ಕೆಲಸ ಆತು!” ಶೆಡ್ಡು ನಕ್ಕಿತು. ಮಾಲೀಕರೂ ನಕ್ಕರೆಂದು ನನ್ನ ನೆನಪು.

ಆ ದಿನ ಊಟದ ಹೊತ್ತಿಗೆ ಮೊದಲೇ ಹರವಿ ಖಾಲಿಯಾಯಿತು. ಎರಡು ಸಲ ತುಂಬಿಸಿದೆವು ಎಂದು ನಾನು ಹೇಳುತ್ತಿದ್ದೆ. ಹೋದ ವರ್ಷ ಬಬಲೇಶ್ವರದ ಸಂತೆಯಲ್ಲಿ ಸಿಕ್ಕ ರಜಿಯಾ, ಮೂರು ಸಲ ಎಂದು ಹಟ ಹಿಡಿದರು. ಅವರು ಈಗಲೂ ಯಂತ್ರದ ಹಿಂದಿನ ಮೇಜಿನಲ್ಲೇ ಇದ್ದಾರೆ. ನನ್ನ ಬಳಿ ದಾಖಲೆ ಇಲ್ಲ, ಆದ್ದರಿಂದ ಒಪ್ಪಿಕೊಂಡೆ.

ಮುಂದಿನ ಹಂಗಾಮಿನ ಭಯ ಅಂದು ಪೂರ್ತಿ ಹೋಗಿರಲಿಲ್ಲ. ಆದರೆ ಗೊತ್ತಿಲ್ಲ ಎಂಬುದನ್ನೂ ಮಾಲೀಕರು ಎದುರು ನಿಂತು ಹೇಳಿದ್ದಕ್ಕೆ ಜನ ಎದ್ದು ಹೋಗಿ ನೀರು ಕುಡಿದರು. ಈಗಲೂ ಸಮೀಕ್ಷೆಗೆಂದು ಯಾರಾದರೂ ಕರೆಯುತ್ತಾರೆ, ಹೋಗುತ್ತೇನೆ. ಹಾಳೆಗಳನ್ನು ಚೀಲದಿಂದ ತೆಗೆಯುವ ಮುನ್ನ ನೀರಿಟ್ಟ ಜಾಗಕ್ಕೆ ಹೋಗಿ ಲೋಟ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ.