ನಳ ಬಂದ ಯುಗಾದಿ

ಕನ್ನಡ ಶಾಲೆಯ ಏಳನೆಯ ಇಯತ್ತೆಯಲ್ಲಿ ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಒಂದು ಪದಕ್ಕಾಗಿ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ನಾವಿರುವ ಭಾಗದ ಚರಿತ್ರೆಯ ಮುಖ್ಯ ದಿನಗಳನ್ನು ಬರೆದು ತನ್ನಿ ಎಂದು ಹೇಳಿದವರು ಅವರೇ. ಅಂಧೇರಿಯ ನಮ್ಮ ಚಾಳಿಗೆ ಯಾವ ರಾಜನೂ ಬಂದವನಲ್ಲ. ಕರೆಂಟು ಬಂದದ್ದು, ಸಮುದ್ರದ ಖಾಡಿಯ ನೀರು ಒಳಗೆ ನುಗ್ಗಿದ್ದು, ನಳ ಬಂದದ್ದು, ಇಷ್ಟೇ ನಮ್ಮ ಚರಿತ್ರೆ. ನಳ ಬಂದದ್ದು ನಮ್ಮ ಕಡೆಯ ಹೊಸ ವರ್ಷವಾದ ಬಿಸುವಿನ ದಿನ ಎಂದು ನಾನು ಬರೆದೆ. ಬಯಲುಸೀಮೆಯ ಮೇಷ್ಟ್ರು ಅದನ್ನು ‘ಯುಗಾದಿ’ ಎಂದು ತಿದ್ದಿದರು. ಆ ತಪ್ಪನ್ನೇ ಸರಿಪಡಿಸಿಕೊಂಡು ಬಂದಿದ್ದ ನನಗೆ ಹೇಗಾಗಿರಬೇಡ!

ನಮ್ಮದು ಉಡುಪಿ ಕಡೆ. ಅಪ್ಪ ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಪಕ್ಕದ ಖೋಲಿಯಲ್ಲಿ ಗದಗ ಕಡೆಯ ಗಂಡ ಹೆಂಡತಿ. ಗಂಡ ಕಟ್ಟಡದ ಕೆಲಸಕ್ಕೆ ಗೋರೆಗಾಂವ್‌ಗೆ ಹೋಗುತ್ತಿದ್ದರು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಈ ಅಕ್ಕ ಗಂಡನಿಗೆ ಕೊಡ ಮುಟ್ಟಲು ಬಿಡುತ್ತಿರಲಿಲ್ಲ. ಜ್ವರ ಬಂದಾಗಲೂ ತಾನೇ ಸಾಲಿನಲ್ಲಿ ನಿಲ್ಲುತ್ತಿದ್ದಳು. ಗಂಡನನ್ನು ರಾಜನ ಹಾಗೆ ಇಟ್ಟಿದ್ದಾಳೆ ಎಂದು ನಳದ ಬಳಿ ಹೆಂಗಸರು ನಗುತ್ತಿದ್ದರು. ಅವನು ತಂದ ನೀರು ತನಗೆ ಬೇಡ ಎಂಬುದು ಅದರ ಅರ್ಥ. ಅಮ್ಮನಿಗೆ ಮಾತ್ರ ಅದು ಗೊತ್ತಿತ್ತು.

ಕೆಲವು ವರ್ಷ ಮೊದಲು ಅವರಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಬಾಣಂತಿ ಹೊರಗೆ ಕಾಲಿಡುವಂತಿರಲಿಲ್ಲ. ಗಂಡ ಬೆಳಕು ಹರಿಯುವ ಮೊದಲೇ ಚಾಳಿನ ಹಿಂದಿನ ಬಾವಿಯಿಂದ ನೀರು ತಂದಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಯುಗಾದಿ ಕಳೆದು ವಾರವಾಗುವಷ್ಟರಲ್ಲಿ ಕೂಸು ವಾಂತಿ ಭೇದಿಯಿಂದ ತೀರಿಕೊಂಡಿತು. ಅಕ್ಕ ತವರಿಗೆ ಹೋಗಿ, ಮಳೆಗಾಲ ಮುಗಿದ ಮೇಲೆ ವಾಪಸು ಬಂದಳು. ರಸ್ತೆಯ ಬದಿಯಲ್ಲಿ ನಳ ಕಂಡು, ಇದು ಯಾವಾಗ ಬಂತು ಎಂದು ಕೇಳಿದಳು. ಅಮ್ಮ “ಯುಗಾದಿ ದಿನವೇ ಬಂತಲ್ಲ” ಎಂದುಬಿಟ್ಟಿದ್ದಳು. ನಳ ಇದ್ದೂ ಬಾವಿಯ ನೀರು ತಂದು ಕೂಸನ್ನು ಕೊಂದಿರಿ ಎಂದು ಅಕ್ಕ ಗಂಡನಿಗೆ ಹೇಳಿದಳಂತೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಮನುಷ್ಯ, ತಾನೇ ನೋಡಲಿಲ್ಲವೇನೋ ಎಂದು ತಪ್ಪನ್ನು ಒಪ್ಪಿಕೊಂಡರು. ದಿನಗಳ ಲೆಕ್ಕವನ್ನು ಯಾರೂ ಕೂಡಿಸಿ ನೋಡದೆ ಹೀಗೇ ವರ್ಷಗಳು ಕಳೆದಿದ್ದವು.

ನಾನು ಚರಿತ್ರೆ ಬರೆಯಲು ಕೂತಾಗ ಅಮ್ಮ ಬಂಗುಡೆ ಕೊಯ್ಯುತ್ತಿದ್ದಳು. ನಳ ಬಂದದ್ದು ಯುಗಾದಿಗೆ, ಮೊದಲ ಚೊಂಬು ನೀರನ್ನು ಕಣಿಯ ಪಕ್ಕದಲ್ಲೇ ಇಟ್ಟಿದ್ದೆ ಎಂದಳು. ತೆಂಗಿನಕಾಯಿ, ಸೌತೆಕಾಯಿ, ಕನ್ನಡಿ ಜೋಡಿಸಿ ಕಣಿ ಇಡುವುದು ನಮ್ಮ ಬಿಸು ಹಬ್ಬಕ್ಕೆ.

“ಅದು ಬಿಸು ಅಲ್ವಾ ಅಮ್ಮ? ಪಕ್ಕದ ಅಕ್ಕನವರ ಯುಗಾದಿ ಅಂದ್ರೆ ಮರಾಠಿಯವರು ಬಾಗಿಲಿಗೆ ಕೋಲಿನ ಗುಡಿ ಕಟ್ಟುವ ದಿನ. ಅದು ಮೊದಲೇ ಬರ್ತದಲ್ಲ.”

“ಬಿಸು ಅಂದ್ರೆ ಘಟ್ಟದ ಮೇಲಿನವರಿಗೆ ಎಲ್ಲಿ ಅರ್ಥ ಆಗ್ತದೆ? ಅದಕ್ಕೆ ಯುಗಾದಿ ಅಂತ...” ಅಮ್ಮ ಅಲ್ಲಿಗೇ ನಿಲ್ಲಿಸಿದಳು. ಕೈ ತೊಳೆಯದೆ ಎದ್ದು ಪಕ್ಕದ ಖೋಲಿಗೆ ಹೋದಳು. ನಾನೂ ಹಿಂದೆಯೇ ಓಡಿದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, “ನನ್ನದೇ ತಪ್ಪು ಮಾರಾಯ್ತಿ, ನನ್ನ ಬಾಯಿಗೆ ಬೆಂಕಿ ಬೀಳಲಿ” ಎಂದು ಅಳತೊಡಗಿದಳು.

“ಅಂದ್ರ ನನ್ನ ಕೂಸು ಹೋದಾಗ ನಳಾನ ಇರಲಿಲ್ಲೇನ್ರಿ?”

“ಇರಲಿಲ್ಲ. ಅದು ಬಂದದ್ದು ಆಮೇಲೆ, ಬಿಸುವಿಗೆ. ಆಗ ನಾವೆಲ್ಲ ಬಾವಿ ನೀರೇ ಕುಡೀತಿದ್ದದ್ದು.”

ಅಕ್ಕ ಅಳಲಿಲ್ಲ. ಅಮ್ಮನನ್ನು ಬೈಯಲೂ ಇಲ್ಲ. ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಬೈದಿದ್ದರೆ ಒಳ್ಳೆಯದಿತ್ತು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ನಳದ ಸಾಲಿನಲ್ಲಿ ಹೆಂಗಸರ ನಡುವೆ ಅಕ್ಕನ ಗಂಡ ಕೊಡ ಹಿಡಿದು ನಿಂತಿದ್ದರು. ರಾಜರ ಸವಾರಿ ಬಂತು ಎಂದು ಯಾರೋ ಕಿಚಾಯಿಸಿದರು. ಅಮ್ಮ ಅವರಿಗೆ ತನ್ನ ಸರದಿ ಬಿಟ್ಟುಕೊಟ್ಟಳು. ಅಕ್ಕ ಚೊಂಬು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಗಂಡ ಕೊಡವನ್ನು ಕೆಳಗಿಡುವ ಮೊದಲೇ ಚೊಂಬು ಅದ್ದಿ, ಸೆರಗು ಒದ್ದೆಯಾಗುವಂತೆ ಗಟಗಟನೆ ಕುಡಿದಳು.